ಪೂಸಾನಿನ ಅಜ್ಜಿಯ ಬನ್ನು ಡೊಂಬಿವಲಿಗೆ ಬಂದದ್ದು

ಮಕ್ಕಳೇ, ನಾನು ಪರದೇಶಕ್ಕೆ ಹೋದದ್ದು ಒಂದೇ ಸಲ. ಊರು ನೋಡಲು ಹೋದದ್ದಲ್ಲ, ನಿಮ್ಮ ಅಮ್ಮನನ್ನು ಕರೆದುಕೊಂಡು ಬರಲು ಹೋದದ್ದು. ಆದ್ದರಿಂದ ಕೊರಿಯಾದಲ್ಲಿ ಏನೇನು ನೋಡಿದೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಒಂದು ಮನೆ ನೋಡಿದೆ. ಅದರ ಅಡುಗೆಮನೆಯನ್ನು ಮಾತ್ರ ಕಣ್ಣು ಮುಚ್ಚಿದರೂ ಇವತ್ತಿಗೂ ಹೇಳಬಲ್ಲೆ. ನೀವು ಕನ್ನಡ ಓದುವುದು ನಿಧಾನವೆಂದು ನನಗೆ ಗೊತ್ತು. ಸಣ್ಣ ಸಣ್ಣ ತುಂಡು ಮಾಡಿ ಬರೆದಿದ್ದೇನೆ. ಎಡವಿದಲ್ಲಿ ಅಮ್ಮನನ್ನು ಕೇಳಿ. ಅವಳಿಗೆ ಈ ಕಥೆ ಬಾಯಿಪಾಠ.

ಡೊಂಬಿವಲಿ

ಆಗ ನಿಮ್ಮ ಅಜ್ಜ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರು ಮುಂಬಯಿಯ ಹತ್ತಿರದ ಠಾಣೆ ಎಂಬ ಊರಿನಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಅದರಾಚೆಯ ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ನಿಮ್ಮ ಅಮ್ಮ ವಾಣಿ ಮದುವೆಯಾಗಿ ಗಂಡನ ಜೊತೆ ಕೊರಿಯಾದ ಪೂಸಾನ್ ಎಂಬ ಬಂದರಿನ ಊರಿಗೆ ಹೋಗಿದ್ದಳು. ಮುಂಬಯಿಯ ಒಂದು ಹಡಗು ಕಂಪನಿ ಅಲ್ಲಿ ಹೊಸ ಹಡಗು ಕಟ್ಟಿಸುತ್ತಿತ್ತು. ಅದರ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಇಂಜಿನಿಯರ್ ನಿಮ್ಮ ಅಪ್ಪ.

ಜನವರಿಯಲ್ಲಿ ಎರಡು ಕಾಗದ ಒಟ್ಟಿಗೇ ಬಂದವು. ವಾಣಿಯ ಕಾಗದದಲ್ಲಿ, ನಾಲ್ಕು ತಿಂಗಳು ತುಂಬಿತು, ನಾನು ಚೆನ್ನಾಗಿದ್ದೇನೆ ಎಂದಿತ್ತು. ಅಳಿಯನ ಕಾಗದದಲ್ಲಿ ನಿಜ ಇತ್ತು. ಅವಳಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ಮೂರನೆಯ ತಿಂಗಳಿಗೆ ನಿಲ್ಲಬೇಕಾದ ವಾಂತಿ ನಿಂತಿಲ್ಲ. ತೂಕ ಇನ್ನೂ ಇಳಿದರೆ ಆಸ್ಪತ್ರೆಯಲ್ಲಿಟ್ಟು ಸೂಜಿಯಲ್ಲೇ ಆಹಾರ ಕೊಡಬೇಕು, ಮಗುವಿನ ಬಗ್ಗೆ ಏನೂ ಹೇಳುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಡಗು ನೀರಿಗಿಳಿಯುವ ತನಕ ಅಳಿಯ ಬರುವಂತಿರಲಿಲ್ಲ.

ಚೊಚ್ಚಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕು. ‘ನಾನೇ ಹೋಗಿ ಕರೆದುಕೊಂಡು ಬರುತ್ತೇನೆ’ ಎಂದೆ. ಕೇಳಿದವಳು ಕೆಳಗಿನ ಮನೆಯ ಲೂಸಿಬಾಯಿ, ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು.

“ನೀವಾ ಸರಸಕ್ಕ? ಇಲ್ಲೇ ಪಕ್ಕದ ಕಲ್ಯಾಣ ಪೇಟೆಗೆ ಸೀರೆ ತರ್ಲಿಕ್ಕೆ ಹೋಗುವಾಗ ನನ್ನ ಸೆರಗು ಹಿಡ್ಕೊಂಡು ಬರ್ತೀರಿ. ಕೊರಿಯಾಕ್ಕೆ ಯಾರ ಸೆರಗು ಹಿಡೀತೀರಿ?”

ಅವಳು ಹೇಳಿದ್ದು ಸುಳ್ಳಲ್ಲ. ನಾನು ಊರಿನ ಶಾಲೆಯಲ್ಲಿ ಐದನೆಯ ಕ್ಲಾಸು ಓದಿದವಳು. ಹೊರಗಿನವರು ಬಂದರೆ ಬಾಗಿಲ ಹಿಂದೆ ನಿಂತು ಮಾತಾಡಿ ಅಭ್ಯಾಸ. ಆದರೆ ಪಾಸ್‌ಪೋರ್ಟಿಗೆ ಅಳಿಯನ ಕಂಪನಿಯವರೇ ಓಡಾಡಿದರು. ಪೂಸಾನಿಗೆ ವಾಪಸಾಗುತ್ತಿದ್ದ ಅವರ ದೇಸಾಯಿ ಎಂಬವರ ಜೊತೆ ಫೆಬ್ರವರಿಯಲ್ಲಿ ನನ್ನನ್ನು ವಿಮಾನ ಹತ್ತಿಸಿದರು.

ಸಿಯೋಲ್

ಹಾಂಗ್‌ಕಾಂಗಿನಲ್ಲಿ ವಿಮಾನ ಬದಲಿಸಿ ಸಿಯೋಲಿನಲ್ಲಿ ಇಳಿದಾಗ ನನ್ನ ಚೀಲ ಬಿಚ್ಚಿಸಿದರು. ಅದರಲ್ಲಿ ಬಟ್ಟೆಗಿಂತ ತಿನ್ನುವುದೇ ಹೆಚ್ಚು. ಹಲಸಿನ ಹಪ್ಪಳ, ಅರಳು ಸಂಡಿಗೆ, ಸಾರಿನ ಪುಡಿ, ಮಾವಿನ ಮಿಡಿ, ಒಂದು ಉಂಡೆ ಹುಣಸೆಹಣ್ಣು. ಎಳೆಯ ವಯಸ್ಸಿನ ಅಧಿಕಾರಿ ಹುಣಸೆಯ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಸಿದ. ಮೇಲಧಿಕಾರಿಯನ್ನು ಕರೆದ. ದೇಸಾಯಿಯವರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು, ಅವರಿಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಕೊನೆಗೆ ನಾನೇ ಒಂದು ಎಸಳು ಕಿತ್ತು ನನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮೇಲಧಿಕಾರಿಗೆ ಕೊಟ್ಟೆ. ಅವನ ಮುಖ ಹಿಂಡಿದ ನಿಂಬೆಯ ಹಾಗಾಯಿತು. ಎಳೆಯವನು ಬಾಯಿ ಮುಚ್ಚಿಕೊಂಡು ನಕ್ಕ. ಚೀಲ ಮುಚ್ಚಿ ನಮ್ಮನ್ನು ಬಿಟ್ಟರು.

ಅಲ್ಲಿಂದ ಪೂಸಾನಿಗೆ ರೈಲು. ಗಲಾಟೆ ಇಲ್ಲ, ಯಾರೂ ಬಾಗಿಲಲ್ಲಿ ನೇತಾಡುತ್ತಿರಲಿಲ್ಲ. ಎದುರಿಗೆ ಕೂತ ಹೆಂಗಸು ಒಂದು ಕಿತ್ತಳೆ ಸುಲಿದು ಅರ್ಧವನ್ನು ಮಾತಿಲ್ಲದೆ ನನ್ನ ಕೈಗಿಟ್ಟಳು. ನಮ್ಮ ಮುಂಬಯಿಯ ಲೋಕಲ್ ರೈಲಿನಲ್ಲಿ ಎದುರಿಗೆ ಕೂತವರು ಮೊದಲು ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳುತ್ತಾರೆ, ಸೀಟಿನ ಆಸೆಗೆ. ಹಣ್ಣು ಆಮೇಲಿನ ಮಾತು.

ಪೂಸಾನ್, ಮೊದಲ ದಿನ

ಬಾಗಿಲು ತೆರೆದವಳು ವಾಣಿ. ಹೊಟ್ಟೆ ಬಿಟ್ಟರೆ ಉಳಿದದ್ದೆಲ್ಲ ಎಲುಬು. ಬಳೆ ಮೊಣಕೈ ತನಕ ಹೋಗುತ್ತಿತ್ತು. ಅಳಿಯ ಬೆಳಿಗ್ಗೆ ಹಡಗಿನ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವುದು.

ಕೈಕಾಲು ತೊಳೆದವಳೇ ತೆಳ್ಳಗೆ ಸಾರು ಮಾಡಿದೆ. ಒಗ್ಗರಣೆಯ ವಾಸನೆಗೇ ಅವಳು ಬಚ್ಚಲಿಗೆ ಓಡಿದಳು. ಗಂಜಿ ಕೊಟ್ಟೆ, ನಿಲ್ಲಲಿಲ್ಲ. ಮಾವಿನ ಮಿಡಿ ನೆಕ್ಕಿಸಿದೆ, ಅದೂ ನಿಲ್ಲಲಿಲ್ಲ. ಸಾವಿರಾರು ಮೈಲಿ ಹೊತ್ತು ತಂದದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ವ್ಯರ್ಥವಾಯಿತು.

ಸಂಜೆ ಮನೆಯೊಡತಿ ಒಳಗೆ ಬಂದಳು. ಮುಂದಿನ ಭಾಗದಲ್ಲಿ ಅವಳ ವಾಸ, ಹಿಂದಿನ ಎರಡು ಕೋಣೆ ಇವರಿಗೆ ಬಾಡಿಗೆ. ಎಪ್ಪತ್ತರ ಹತ್ತಿರದ ಕುಳ್ಳಗಿನ ಮುದುಕಿ, ನನ್ನ ಹಾಗೇ ಗಂಡ ಇಲ್ಲದವಳು. ಎಲ್ಲರೂ ಅವಳನ್ನು ಹಾಲ್ಮೊನಿ ಎನ್ನುತ್ತಿದ್ದರು, ಅವರ ಮಾತಿನಲ್ಲಿ ಅಜ್ಜಿ ಎಂದು. ಕೈಯಲ್ಲಿ ಹಬೆಯಾಡುವ ತಟ್ಟೆ. ಅದರಲ್ಲಿ ಮುಷ್ಟಿಗಿಂತ ದೊಡ್ಡ, ಬೆಳ್ಳಗಿನ, ನೆತ್ತಿಯಲ್ಲಿ ನೆರಿಗೆ ಹಿಡಿದ ಬನ್ನುಗಳು. ನೋಡಲು ಗಣೇಶನ ಹಬ್ಬದ ಮೋದಕ, ಮುಟ್ಟಿದರೆ ಹತ್ತಿ.

“ಮೊಗೊ, ಮೊಗೊ,” ಎಂದಳು. ತಿನ್ನು ಎಂದು. ವಾಣಿ ಗೋಡೆಗೆ ಒರಗಿ ಒಂದನ್ನು ಮುರಿದಳು. ಒಳಗೆ ಎಲೆಕೋಸು, ಸೋಯಾ ಹಾಲಿನ ಗಿಣ್ಣಿನಂಥದು, ಗಾಜಿನಂಥ ಸೇವಿಗೆಯ ಚೂರು. ಮುಕ್ಕಾಲು ತಿಂದಳು. ನಾನು ಬಚ್ಚಲ ಬಾಗಿಲನ್ನೇ ನೋಡುತ್ತಿದ್ದೆ. ಅವಳು ಏಳಲಿಲ್ಲ.

“ಇದೊಂದು ನಿಲ್ತದೆ ಅಮ್ಮ,” ಎಂದಳು. “ಇವರು ಒಳಗೆ ಹಂದಿಮಾಂಸ ಹಾಕ್ತಾರೆ. ನಂಗೆ ಅಂತ ಬೇರೆ ಪಾತ್ರೆಯಲ್ಲಿ ಬರೀ ತರಕಾರಿದು ಮಾಡಿ ಕೊಡ್ತಾರೆ. ದಿನಾ ಕೇಳ್ಲಿಕ್ಕೆ ನಂಗೆ ನಾಚಿಕೆ.”

ಹದಿಮೂರನೆಯ ದಿನ ನಮ್ಮಿಬ್ಬರ ವಿಮಾನ. ಡೊಂಬಿವಲಿಯಲ್ಲಿ ಈ ಅಜ್ಜಿ ಇರುವುದಿಲ್ಲ. ಅಷ್ಟರೊಳಗೆ ಈ ಬನ್ನು ನನ್ನ ಕೈಗೆ ಬರಬೇಕು. ಬಾರದಿದ್ದರೆ ನಾನು ಅವಳನ್ನು ತಾಯಿಮನೆಗೆ ಕರೆದೊಯ್ಯುವುದು ಉಪವಾಸಕ್ಕೆ.

ಪೂಸಾನ್, ಮೂರನೆಯ ದಿನ

ನಮ್ಮ ಕಡೆ ಅಡುಗೆಮನೆ ಮನೆಯ ಎಲ್ಲಕ್ಕಿಂತ ಶುದ್ಧವಾದ ಜಾಗ. ಅಲ್ಲಿ ಅದು ಕೋಣೆಗಿಂತ ಒಂದು ಮೆಟ್ಟಿಲು ಕೆಳಗೆ, ಚಪ್ಪಲಿ ಹಾಕಿಕೊಂಡು ಇಳಿಯುವ, ಕೊರೆಯುವ ಚಳಿಯ ಜಾಗ. ತೂತು ತೂತಿನ ಕಲ್ಲಿದ್ದಲ ಉಂಡೆ ಅಲ್ಲಿ ಉರಿಯುತ್ತದೆ. ಅದರ ಬಿಸಿ ಮಲಗುವ ಕೋಣೆಯ ನೆಲದಡಿಯಲ್ಲಿ ಹರಿದು ನೆಲವನ್ನೆಲ್ಲ ಬೆಚ್ಚಗಿಡುತ್ತದೆ. ಒಲೆಯ ಪಕ್ಕದ ಮೂಲೆ ಎಲ್ಲಕ್ಕಿಂತ ಬೆಚ್ಚಗೆ. ಮನೆಯ ಹಿರಿಯರನ್ನು ಅಲ್ಲೇ ಕೂರಿಸುತ್ತಾರೆ.

ಅಜ್ಜಿ ಮೈದಾಕ್ಕೆ ಒಂದಿಷ್ಟು ಸಕ್ಕರೆ, ಉಪ್ಪು, ಒಂದು ಬಟ್ಟಲು ಹಾಲಿನಂಥ ನೀರು ಹಾಕಿ ನಾದಿದಳು. ಅಕ್ಕಿ ತೊಳೆದ ನೀರು ಇರಬೇಕೆಂದುಕೊಂಡೆ. ನಾದಿದ ಹಿಟ್ಟನ್ನು ಬೋಗುಣಿಯಲ್ಲಿಟ್ಟು, ಅದನ್ನು ಮಲಗುವ ಕೋಣೆಗೆ ಒಯ್ದು, ಆ ಬೆಚ್ಚಗಿನ ಮೂಲೆಯಲ್ಲಿಟ್ಟು, ಮೇಲೆ ತಾನು ಹೊದೆಯುವ ರಜಾಯಿ ಹೊದಿಸಿದಳು!

ಹಾಸಿಗೆ ಮುಟ್ಟಿದ ಕೈಯನ್ನು ತೊಳೆಯದೆ ನೀರಿನ ಕೊಡ ಮುಟ್ಟಬಾರದು ಎಂದು ಬೆಳೆದವಳು ನಾನು. ತಿನ್ನುವ ಹಿಟ್ಟು ಹೊದಿಕೆಯೊಳಗೆ! ಅದನ್ನು ನನ್ನ ಬಸುರಿ ಮಗಳು ತಿನ್ನಬೇಕು!

ಅಜ್ಜಿ ಅಂಗಡಿಗೆ ಹೋದದ್ದೇ ತಡ, ಬೋಗುಣಿ ಎತ್ತಿ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಮೇಲೆ ಒಗೆದ ಬಟ್ಟೆ ಮುಚ್ಚಿದೆ. ರಜಾಯಿಯೊಳಗೆ ಬೋಗುಣಿಯ ಬದಲು ನನ್ನ ಸೀರೆಯ ಗಂಟು ಇಟ್ಟೆ. ಕಳ್ಳತನದ ಕೆಲಸದಲ್ಲಿ ನಾನು ಅಷ್ಟೇನೂ ದಡ್ಡಿಯಲ್ಲ.

ಮಧ್ಯಾಹ್ನ ಅಜ್ಜಿ ರಜಾಯಿ ಎತ್ತಿದಳು. ಸೀರೆಯ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ಶೆಲ್ಫಿನ ಹಿಟ್ಟು ಬೆಳಿಗ್ಗೆ ಇದ್ದಷ್ಟೇ ಇತ್ತು, ಬೆರಳಿಟ್ಟರೆ ಕಲ್ಲು. “ಆಂದ್ವೆ! ಆಂದ್ವೆ!” ಕೂಡದು, ಕೂಡದು ಎಂದು ಅವಳು ಎರಡೂ ಕೈ ಅಡ್ಡ ಮಾಡಿ ಕೂಗಿದಳು. ಆಮೇಲೆ ವಾಣಿಯ ಕಡೆ ಬೆರಳು ತೋರಿಸಿ, ತನ್ನ ಖಾಲಿ ಹೊಟ್ಟೆ ತಟ್ಟಿದಳು. ಅದಕ್ಕೆ ಭಾಷೆ ಬೇಕಿರಲಿಲ್ಲ.

ಆ ದಿನ ವಾಣಿ ಏನೂ ತಿನ್ನಲಿಲ್ಲ. ಎರಡು ಸಲ ಬರೀ ಹಳದಿ ನೀರು ಕಕ್ಕಿದಳು. ಹಣೆ ಹಿಡಿದು ನಿಂತ ನನಗೆ ಅವಳ ಬೆನ್ನಿನ ಒಂದೊಂದು ಗಂಟೂ ಕೈಗೆ ಸಿಗುತ್ತಿತ್ತು. ನನ್ನ ಮಡಿ ನನಗೆ, ಇವಳ ಹಸಿವಿಗಲ್ಲ ಎಂದು ಅಲ್ಲೇ ನಿಶ್ಚಯಿಸಿದೆ. ಮರುದಿನ ಹಿಟ್ಟಿಗೆ ರಜಾಯಿ ಹೊದಿಸಿದವಳು ನಾನೇ. ಎರಡು ಗಂಟೆಯಲ್ಲಿ ಅದು ಬೋಗುಣಿಯ ಬಾಯಿಗೆ ಬಂದು ಕೂತಿತ್ತು.

ಪೂಸಾನ್, ಎಂಟನೆಯ ದಿನ

ಒಂದು ವಾರದಲ್ಲಿ ನನ್ನ ಕೈ ಪಳಗಿತು. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಬಟ್ಟೆಯಲ್ಲಿ ಹಿಂಡಬೇಕು. ಬಟ್ಟೆಯಿಂದ ಒಂದು ಹನಿಯೂ ಬೀಳದಷ್ಟು ಹಿಂಡಬೇಕು, ಇಲ್ಲದಿದ್ದರೆ ಬನ್ನಿನ ಅಡಿ ಕಿತ್ತು ಬರುತ್ತದೆ. ಹಿಟ್ಟನ್ನು ನಡುವೆ ದಪ್ಪ, ಅಂಚಿಗೆ ತೆಳ್ಳಗೆ ತಟ್ಟಬೇಕು. ನೆರಿಗೆ ಹಿಡಿಯುವುದರಲ್ಲಿ ಮಾತ್ರ ನಾನು ಅಜ್ಜಿಯನ್ನು ಮೀರಿಸಿದೆ. ಡೊಂಬಿವಲಿಯ ಮರಾಠಿ ಹೆಂಗಸರ ಜೊತೆ ವರ್ಷ ವರ್ಷ ಮೋದಕ ಮಾಡಿದ ಬೆರಳು ನನ್ನದು. ನನ್ನ ಬನ್ನಿಗೆ ಹದಿನೆಂಟು ನೆರಿಗೆ, ಅವಳದಕ್ಕೆ ಹನ್ನೊಂದು. ಅವಳು ಎರಡು ಸಲ ಎಣಿಸಿ ನನ್ನ ಭುಜಕ್ಕೆ ಗುದ್ದಿದಳು.

ನಾನೂ ದಿನಾ ಒಂದು ತಿನ್ನುತ್ತಿದ್ದೆ. ಎಂಟನೆಯ ದಿನ ಆ ಹಾಲಿನಂಥ ನೀರನ್ನು ಊರಿನಲ್ಲಿ ಹೇಗೆ ಮಾಡುವುದು ಎಂದು ವಾಣಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿದಳು.

“ಅಮ್ಮ, ಬೈಬೇಡ. ಅದು ಅಕ್ಕಿದು ಹೆಂಡ.”

“ಎಂಥದು?”

“ಹೆಂಡ. ಇವರು ಕುಡೀತಾರಲ್ಲ, ಅದೇ. ನೀ ತಿನ್ನುದಿಲ್ಲ ಅಂತ ಹೇಳ್ಲಿಲ್ಲ.”

“ನಾ ತಿನ್ನದಿದ್ರೆ ಹೋಗ್ಲಿ. ನಿಂಗೆ ಗೊತ್ತಿದ್ದೂ ನೀನು?”

“ಹಸಿವೆ ಅಮ್ಮ,” ಎಂದಳು ಅವಳು, ಅಷ್ಟೇ.

ಇಷ್ಟು ದಿನ ಹೆಂಡದ ಹಿಟ್ಟು ತಿಂದು ನನಗೆ ಏನೂ ಆಗಿರಲಿಲ್ಲ. ಹಬೆಯಲ್ಲಿ ಅದು ಆವಿಯಾಗಿ ಹೋಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಒಂಬತ್ತನೆಯ ದಿನವೂ ತಿಂದೆ.

ಹೊರಡುವ ದಿನ ಅಜ್ಜಿ ಹನ್ನೆರಡು ಬನ್ನು ಕಟ್ಟಿಕೊಟ್ಟಳು. ವಾಣಿಯ ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು, ಆಮೇಲೆ ನನ್ನ ಕಡೆ ತಿರುಗಿ ರಜಾಯಿ ಹೊದಿಸುವ ಹಾಗೆ ಕೈಯಾಡಿಸಿ ತೋರಿಸಿದಳು. ಮೂವರೂ ನಕ್ಕೆವು. ಆ ಹನ್ನೆರಡರಲ್ಲಿ ನಿಮ್ಮ ಅಮ್ಮ ಮುಂಬಯಿ ತಲುಪಿದಳು.

ಡೊಂಬಿವಲಿ, ಮಾರ್ಚ್

ಮನೆಗೆ ಬಂದ ಮೇಲೆ ಎರಡು ದಿನ ನನ್ನ ಕೈ ಸೋತಿತು. ಇಡ್ಲಿ ಹಿಟ್ಟು ಸೇರಿಸಿ ಮಾಡಿದೆ, ಉದ್ದಿನ ವಾಸನೆ ಎಂದಳು. ಬೇಕರಿಯಿಂದ ಯೀಸ್ಟ್ ತಂದು ಮಾಡಿದೆ. ಬನ್ನು ಚೆಂದವಾಗಿ ಉಬ್ಬಿತು, ಆದರೆ ಮುರಿದ ಕೂಡಲೇ ಆ ವಾಸನೆಗೆ ಅವಳು ಬಚ್ಚಲಿಗೆ ಓಡಿದಳು. ಎರಡು ದಿನದಲ್ಲಿ ಅವಳ ಹೊಟ್ಟೆಗೆ ಹೋದದ್ದು ಎಳನೀರು ಮಾತ್ರ. ಕಲ್ಯಾಣದ ಡಾಕ್ಟರಮ್ಮ ನೋಡಿ, ಇನ್ನೆರಡು ದಿನ ಹೀಗೇ ಇದ್ದರೆ ಅಡ್ಮಿಟ್ ಮಾಡಿ ಎಂದರು.

ಹೆಂಡವೇ ಬೇಕು. ಅಕ್ಕಿಯ ಹೆಂಡ ಇಲ್ಲಿ ಎಲ್ಲಿ? ಅದರ ಹತ್ತಿರದ್ದು ಕಳ್ಳು. ಕಳ್ಳು ಹಾಕಿ ಹಿಟ್ಟು ಉಬ್ಬಿಸುವವಳು ನನಗೆ ಗೊತ್ತಿದ್ದವಳು ಒಬ್ಬಳೇ, ಲೂಸಿಬಾಯಿ. ಪ್ರತಿ ಕ್ರಿಸ್ಮಸ್ಸಿಗೂ ಅವಳು ಕಳ್ಳಿನ ಸನ್ನ ಮಾಡುತ್ತಿದ್ದಳು. ಇಡ್ಲಿಯಂಥದೇ, ಇಡ್ಲಿಗಿಂತ ಮೆತ್ತಗೆ. ತಟ್ಟೆ ತುಂಬ ತಂದು ಕೊಡುತ್ತಿದ್ದಳು. ನಾನು ನಗುತ್ತ ತೆಗೆದುಕೊಂಡು, ಅವಳು ಹೋದ ಮೇಲೆ ಕಸ ಗುಡಿಸುವವಳಿಗೆ ಕೊಡುತ್ತಿದ್ದೆ. ಅವಳಿಗೆ ತಿಳಿದಿಲ್ಲ ಎಂದುಕೊಂಡಿದ್ದೆ.

ಕೆಳಗಿಳಿದು ವಿಷಯ ಹೇಳಿದೆ. ಲೂಸಿಬಾಯಿ ಸೊಂಟಕ್ಕೆ ಕೈಯಿಟ್ಟಳು.

“ಹನ್ನೊಂದು ವರ್ಷ ನನ್ನ ಸನ್ನ ನಿಮ್ಗೆ ಬೇಡ. ಈಗ ಸೀದಾ ಕಳ್ಳೇ ಬೇಕಾ ಸರಸಕ್ಕ?”

ನನಗೆ ನೆಲ ಬಿರಿಯಬಾರದೇ ಎನ್ನಿಸಿತು. “ತಪ್ಪಾಯ್ತು ಲೂಸಿಬಾಯಿ,” ಎಂದೆ.

“ತಪ್ಪು ಗಿಪ್ಪು ಆಮೇಲೆ ಮಾರಾಯ್ತಿ. ಈ ಸಲದ ಕ್ರಿಸ್ಮಸ್ಸಿಗೆ ನನ್ನೆದುರು ಕೂತು ತಿನ್ಬೇಕು, ಆಯ್ತಾ? ಈಗ ಕೇಳಿ. ಬೆಳಿಗ್ಗೆ ಠಾಣೆ ಸ್ಟೇಷನ್ನಲ್ಲಿ ನೀರಾ ಮಾರ್ತಾರೆ. ತಾಳೆ ಮರದ್ದೇ, ಹೊಸತು ಅಷ್ಟೆ. ಬಿಸಿಲು ತಾಗಿದ್ರೆ ಅದೇ ಕಳ್ಳು. ನನ್ನ ಕಾಲು ಊದಿದೆ, ನಂಗೆ ಬರ್ಲಿಕ್ಕಾಗುದಿಲ್ಲ. ತಗೊಳ್ಳಿ ಬಾಟ್ಲಿ. ತೊಳೀಬೇಡಿ, ಅಡಿಯಲ್ಲಿ ಹಳೆ ಕಳ್ಳಿನ ಗಸಿ ಉಂಟು, ಅದೇ ಹೆಪ್ಪು.”

ಠಾಣೆ

ಹೀಗೆ, ಕಲ್ಯಾಣಕ್ಕೂ ಒಬ್ಬಳೇ ಹೋಗದವಳು ಕಳ್ಳಿನ ಬಾಟಲಿ ಹಿಡಿದು ಠಾಣೆಗೆ ಹೋದೆ. ನೀರಾ ಮಾರುವವನು ಗ್ಲಾಸಿನಲ್ಲಿ ಕುಡಿಯಿರಿ ಎಂದ. ನಾನು ಬಾಟಲಿ ಮುಂದೆ ಹಿಡಿದೆ. ತುಂಬಿಸಿಕೊಟ್ಟ. ಬೂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಾಕಿ, ಪೂಸಾನಿನಲ್ಲಿ ಕಲಿತ ಪಾಠದಂತೆ ಬಾಟಲಿಗೆ ಉಣ್ಣೆಯ ಶಾಲು ಬಿಗಿಯಾಗಿ ಸುತ್ತಿ, ಎದೆಗೆ ಅಪ್ಪಿ ಹಿಡಿದು ಲೇಡೀಸ್ ಡಬ್ಬದಲ್ಲಿ ಕಿಟಕಿಯ ಪಕ್ಕ ಕೂತೆ.

ಕಳವಾ ಸ್ಟೇಷನ್ ದಾಟಿ ಗಾಡಿ ನಿಂತಿತು. ಒಂದು ಕಡೆ ಖಾಡಿಯ ಉಪ್ಪುನೀರು, ಒಂದು ಕಡೆ ಗುಡ್ಡ, ಮುಂದಿನ ಸ್ಟೇಷನ್ ಮುಂಬ್ರಾ ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ಬಿಸಿಲು ನೇರ ನನ್ನ ಮಡಿಲಿಗೆ. ಶಾಲಿನೊಳಗೆ ಏನೋ ಗುಟುಗುಟು ಎನ್ನುತ್ತಿತ್ತು. ಬೆಚ್ಚಗಿದ್ದಷ್ಟೂ ಒಳ್ಳೆಯದು ಎಂದು ಇನ್ನೊಂದು ಸುತ್ತು ಬಿಗಿದೆ.

ಢಬ್!

ಬೂಚು ಫ್ಯಾನಿಗೆ ಬಡಿದು ಎಲ್ಲೋ ಹೋಯಿತು. ನೊರೆ ನನ್ನ ಮುಖಕ್ಕೆ, ಸೀರೆಗೆ, ಎದುರಿನವಳ ಮೆಂತ್ಯ ಸೊಪ್ಪಿನ ಕಟ್ಟಿಗೆ. ಡಬ್ಬದ ತುಂಬ ಹುಳಿ ವಾಸನೆ.

“ಅಗಬಾಈ! ತಾಡೀ!” ಅಯ್ಯಯ್ಯೋ, ಕಳ್ಳು ಎಂದು ಸೊಪ್ಪಿನವಳು ಕಿರುಚಿದಳು. ಬಾಗಿಲ ಹತ್ತಿರ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಕೋಳಿಣಿ, ಅಂದರೆ ಅಲ್ಲಿಯ ಬೆಸ್ತರ ಹೆಂಗಸು, ನನ್ನ ಬೋಳು ಹಣೆಯನ್ನೂ ಬಾಟಲಿಯನ್ನೂ ನೋಡಿ ಜೋರಾಗಿ ನಕ್ಕಳು. “ಮಾವಶೀ, ಏಕಟ್ಯಾಚ್ ಪಿಣಾರ್ ಕಾ?” ಚಿಕ್ಕಮ್ಮ, ಒಬ್ಬಳೇ ಕುಡೀತೀಯಾ ಎಂದು. ಡಬ್ಬವೆಲ್ಲ ನಕ್ಕಿತು.

ಬಾಟಲಿಯ ಬಾಯಿಂದ ನೊರೆ ಉಕ್ಕುತ್ತಲೇ ಇತ್ತು. ಅದು ಉಕ್ಕಿ ಮುಗಿದರೆ ವಾಣಿಗೆ ಇವತ್ತೂ ಇಲ್ಲ. ನಾನು ಎದ್ದು ನಿಂತೆ. ಹೊರಗಿನವರೆದುರು ದನಿಯೆತ್ತಿ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

“ಪ್ಯಾಯಲಾ ನಾಹೀ! ಲೇಕೀಲಾ ಡೋಹಾಳೇ ಲಾಗಲೇತ!”

ಕುಡಿಯಲಿಕ್ಕಲ್ಲ, ಮಗಳಿಗೆ ಬಸುರಿನ ಬಯಕೆ ಎಂದೆ. ನಗು ಅಲ್ಲೇ ನಿಂತಿತು. “ಮಗ ಸಾಂಗಾಯಚಂ ನಾ ಮಾವಶೀ!” ಮೊದಲೇ ಹೇಳಬಾರದಿತ್ತೇ ಎನ್ನುತ್ತ ಕೋಳಿಣಿ ಎದ್ದು ಬಂದಳು. ನನ್ನ ಕರವಸ್ತ್ರವನ್ನು ಮಡಚಿ ಬಾಟಲಿಯ ಬಾಯಿಗಿಟ್ಟು, ಅದರ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದಳು. ಸೊಪ್ಪಿನವಳು ಶಾಲು ಬಿಚ್ಚಿ ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿದಳು. ಎಷ್ಟನೆಯ ತಿಂಗಳು, ಹುಳಿ ಬೇಕೆನ್ನುತ್ತಾಳೋ ಸಿಹಿಯೋ, ಹೊಟ್ಟೆ ಚೂಪೋ ಅಗಲವೋ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಗಾಡಿ ಹೊರಟಿತು. ಕೋಳಿಣಿ ಮುಂಬ್ರಾದಲ್ಲೊಮ್ಮೆ, ದಿವಾದಲ್ಲೊಮ್ಮೆ ಬೆರಳು ಸಡಿಲಿಸಿ ಗಾಳಿ ಬಿಟ್ಟಳು. ತಾನು ಇಳಿಯಬೇಕಾದದ್ದು ದಿವಾದಲ್ಲಿ ಎಂದು ಆಮೇಲೆ ಹೇಳಿದಳು. ಡೊಂಬಿವಲಿಯಲ್ಲಿ ನನ್ನನ್ನು ಇಳಿಸಿ, ಅರ್ಧ ಬಾಟಲಿಯನ್ನು ಕೈಗಿಟ್ಟು, ಬುಟ್ಟಿ ಹೊತ್ತು ಎದುರಿನ ಪ್ಲಾಟ್‌ಫಾರ್ಮಿಗೆ ನಡೆದಳು.

ಡೊಂಬಿವಲಿ, ಅದೇ ದಿನ

ಅರ್ಧ ಬಾಟಲಿ ಬೇಕಾದಷ್ಟಾಯಿತು. ಮಾರ್ಚಿನ ಡೊಂಬಿವಲಿಯಲ್ಲಿ ರಜಾಯಿ ಏನೂ ಬೇಡ, ಅಡುಗೆಮನೆಯ ಕಟ್ಟೆಯ ಮೇಲೇ ಹಿಟ್ಟು ಒಂದು ಗಂಟೆಯಲ್ಲಿ ಉಬ್ಬಿತು. ಸೋಯಾ ಗಿಣ್ಣಿನ ಬದಲು ಮನೆಯಲ್ಲಿ ಒಡೆದ ಹಾಲಿನ ಗಿಣ್ಣು, ಗಾಜಿನ ಸೇವಿಗೆಯ ಬದಲು ನಮ್ಮ ಅಕ್ಕಿ ಸೇವಿಗೆ, ಎಲೆಕೋಸು, ಎಳ್ಳೆಣ್ಣೆ, ಕಾಳುಮೆಣಸು. ಒಂದೊಂದು ಬನ್ನಿನ ಅಡಿಗೂ ಬಾಳೆಲೆಯ ತುಂಡಿಟ್ಟು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಲೂಸಿಬಾಯಿ ಊದಿದ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ಕೂತಳು.

ಮುಚ್ಚಳ ತೆಗೆದಾಗ ವಾಣಿ ಮೂಗು ಮುಚ್ಚಿಕೊಳ್ಳಲಿಲ್ಲ. ಅದನ್ನು ನಾವಿಬ್ಬರೂ ನೋಡಿದೆವು. ಒಂದು ತಿಂದಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಬಚ್ಚಲ ಬಾಗಿಲು ತೆರೆದೇ ಇತ್ತು, ಬಾಲ್ದಿಯಲ್ಲಿ ನೀರೂ ತುಂಬಿಸಿಟ್ಟಿದ್ದೆ. ಒಂದು ಲೋಕಲ್ ಹೋದ ಸದ್ದು ಕೇಳಿತು. ಇನ್ನೊಂದು. ಲೂಸಿಬಾಯಿ ಜಪಮಣಿ ತಿರುಗಿಸುತ್ತಿದ್ದಳು. ಐದನೆಯ ಲೋಕಲ್ ಹೋದ ಮೇಲೆ ವಾಣಿ ಕಣ್ಣು ತೆರೆದು ತಟ್ಟೆಗೆ ಕೈ ಹಾಕಿದಳು. ಎರಡನೆಯದನ್ನು ತಿಂದಳು. ಮೂರನೆಯದನ್ನು ಅರ್ಧ ತಿಂದು, ಅಗಿಯುವುದು ನಿಲ್ಲಿಸಿ, ಹುಬ್ಬು ಗಂಟು ಹಾಕಿದಳು. ನಾನು ಅವಳ ಹಣೆ ಹಿಡಿಯಲು ಎದ್ದೇ ಬಿಟ್ಟೆ.

“ಎಂಥ ಅಮ್ಮ ಇದು,” ಎಂದಳು, “ಅಜ್ಜಿದು ಇಷ್ಟು ಸಪ್ಪೆ ಇರ್ಲಿಲ್ಲ. ಉಪ್ಪು ಹಾಕ್ಲಿಕ್ಕೆ ಮರ್ತು ಹೋಯ್ತಾ ನಿಂಗೆ?”

ಎಷ್ಟೋ ತಿಂಗಳಿಂದ ರುಚಿಯ ಸುದ್ದಿಯನ್ನೇ ಎತ್ತದವಳು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದ್ದಳು. ಎದ್ದವಳು ಎದ್ದ ಹಾಗೇ ಹೋಗಿ ಉಪ್ಪಿನ ಡಬ್ಬಿ ತಂದು ಅವಳ ಮುಂದಿಟ್ಟೆ.